ನರದ ವಿಟಮಿನ್ ಮಾತ್ರೆ: ಸ್ಟ್ರಿಪ್‌ನ ಹಿಂಬದಿ ಓದಿಕೊಂಡು ತಗೊಳ್ಳುವುದು ಹೇಗೆ

ಪಾದ ಉರಿಯುತ್ತೆ, ಕಾಲು ಜೋಮು ಹಿಡಿಯುತ್ತೆ ಅಂತ ಮೆಡಿಕಲ್ ಶಾಪಿನಲ್ಲಿ ಹೇಳಿದರೆ ಸಾಕು, 'ನರದ ಮಾತ್ರೆ' ಅಂತ ಒಂದು ಸ್ಟ್ರಿಪ್ ಕೈಗೆ ಬರುತ್ತದೆ. ಅದರೊಳಗೆ ಏನಿದೆ ಎಂಬುದು ಮಾತ್ರ ಅಂಗಡಿಯಿಂದ ಅಂಗಡಿಗೆ ಬೇರೆ. ಒಂದು ಮಾತ್ರೆಯಲ್ಲಿ ಬಿ12 ಇರುವುದು 15 ಮೈಕ್ರೋಗ್ರಾಂ, ಪಕ್ಕದ ಡಬ್ಬಿಯ ಮಾತ್ರೆಯಲ್ಲಿ 1500. ಒಂದರಲ್ಲಿ ಬಿ6 3 ಮಿ.ಗ್ರಾಂ, ಇನ್ನೊಂದರಲ್ಲಿ 100. ಮೂರನೆಯದರಲ್ಲಿ ವಿಟಮಿನ್ ಜೊತೆಗೆ ಮಂಪರು ಬರಿಸುವ ನೋವಿನ ಔಷಧಿಯೂ ಸೇರಿರುತ್ತದೆ. ಮೂರಕ್ಕೂ ಜನ ಕರೆಯುವ ಹೆಸರು ಒಂದೇ.

ಹಾಗಾಗಿ ಮಾತ್ರೆಯ ಹೆಸರಿಗಿಂತ ಅದರ ಪ್ರಮಾಣ ನೋಡುವುದು ಮುಖ್ಯ. ಅದಕ್ಕೂ ಮೊದಲು ನಿಮ್ಮ ಮೈಯಲ್ಲಿ ಕೊರತೆ ಇರುವುದು ಯಾವುದರದ್ದು ಎಂದು ಗೊತ್ತಾಗಬೇಕು. ಕೆಳಗಿನದನ್ನು ಅದೇ ಕ್ರಮದಲ್ಲಿ ಮಾಡಿಕೊಂಡು ಹೋಗಿ.

ಮೊದಲು: ಇದು ವಿಟಮಿನ್ ಕೊರತೆಯ ಜೋಮೇ?

ವಿಟಮಿನ್ ಕೊರತೆಯಿಂದ ಬರುವ ನರದ ತೊಂದರೆಗೆ ಒಂದು ರೀತಿ ಇದೆ. ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಒಟ್ಟಿಗೇ ಶುರುವಾಗುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಮೇಲಕ್ಕೆ, ಕಾಲುಚೀಲ ಹಾಕಿದಷ್ಟು ಭಾಗಕ್ಕೆ ಏರುತ್ತದೆ. ವಾರ, ತಿಂಗಳುಗಟ್ಟಲೆ ಹೀಗೇ ಸಾಗುತ್ತದೆ. ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ, ಹತ್ತಿಯ ಮೇಲೆ ನಡೆದಂತೆ ಅಂತ ಜನ ಹೇಳುವುದು ಇದನ್ನೇ.

ಮನೆಯಲ್ಲೇ ಗಮನಿಸಬಹುದಾದ ಎರಡು ಗುರುತುಗಳಿವೆ. ಹವಾಯಿ ಚಪ್ಪಲಿ ಹಾಕಿಕೊಂಡು ನಡೆಯುವಾಗ ಅದು ಕಾಲಿಂದ ಜಾರಿಹೋದದ್ದು ತಿಳಿಯದೆ ನಾಲ್ಕು ಹೆಜ್ಜೆ ಮುಂದೆ ಹೋಗಿ, ಆಮೇಲೆ ತಿರುಗಿ ನೋಡುವುದು ಒಂದು. ಬೆಳಿಗ್ಗೆ ನಲ್ಲಿಯ ಮುಂದೆ ನಿಂತು ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ದೇಹ ತೂರಾಡಿ, ಸಿಂಕ್ ಹಿಡಿದುಕೊಳ್ಳಬೇಕಾಗುವುದು ಇನ್ನೊಂದು. ಪಾದ ನೆಲದ ಮೇಲೆ ಎಲ್ಲಿದೆ ಎಂಬ ಸುದ್ದಿ ನರ ಮತ್ತು ಬೆನ್ನುಹುರಿಯ ಮೂಲಕ ಮಿದುಳಿಗೆ ಸರಿಯಾಗಿ ತಲುಪದಿದ್ದಾಗ ಆ ಕೊರತೆಯನ್ನು ಕಣ್ಣು ತುಂಬಿಕೊಡುತ್ತಿರುತ್ತದೆ. ಕಣ್ಣು ಮುಚ್ಚಿದಾಗ ಅದು ಬಯಲಾಗುತ್ತದೆ. ಈ ಎರಡನೆಯ ಗುರುತು ಕಂಡರೆ ಮಾತ್ರೆ ಅಂಗಡಿಗೆ ಹೋಗಬೇಡಿ, ಆ ವಾರವೇ ವೈದ್ಯರ ಹತ್ತಿರ ಹೋಗಿ. ಬಿ12 ಕೊರತೆ ಬೆನ್ನುಹುರಿಯವರೆಗೆ ಹೋಗಿದ್ದರೆ ತಡವಾದಷ್ಟೂ ವಾಪಸ್ ಬರುವುದು ಕಡಿಮೆ.

ಇವುಗಳ ಜೊತೆಗೆ ನಾಲಿಗೆ ಕೆಂಪಾಗಿ ನುಣುಪಾಗುವುದು, ಖಾರ ತಿಂದರೆ ಉರಿ, ಬಾಯಿಹುಣ್ಣು, ಸುಸ್ತು, ಮರೆವು ಇದ್ದರೆ ಬಿ12 ಮೇಲಿನ ಅನುಮಾನ ಬಲವಾಗುತ್ತದೆ.

ಇನ್ನು ಕೆಲವು ಜೋಮುಗಳಿಗೆ ವಿಟಮಿನ್ ಮಾತ್ರೆ ನುಂಗುತ್ತಾ ಕೂತರೆ ನಷ್ಟ ದೊಡ್ಡದು.

ಒಂದು ಕಡೆಯ ಕೈಕಾಲು ಇದ್ದಕ್ಕಿದ್ದಂತೆ ಮರಗಟ್ಟಿ, ಮಾತು ತೊದಲಿ, ಬಾಯಿ ಸೊಟ್ಟಗಾದರೆ ಅದು ಪಾರ್ಶ್ವವಾಯು. ಆ ಕ್ಷಣವೇ 108ಕ್ಕೆ ಫೋನ್ ಮಾಡಬೇಕು. ಕಾಲಿನಲ್ಲಿ ಶುರುವಾದ ನಿಶ್ಶಕ್ತಿ ಕೆಲವೇ ದಿನಗಳಲ್ಲಿ ಮೇಲಕ್ಕೇರಿ ಕೂತಲ್ಲಿಂದ ಏಳಲು ಕಷ್ಟವಾದರೂ ಆಸ್ಪತ್ರೆಯೇ ದಾರಿ. ಸೊಂಟದಿಂದ ಒಂದೇ ಕಾಲಿಗೆ ಎಳೆತ ಇಳಿಯುವುದು ಬಹುಪಾಲು ಡಿಸ್ಕ್ ತೊಂದರೆ. ರಾತ್ರಿ ಮಲಗಿದಾಗ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳಷ್ಟೇ ಜೋಮು ಹಿಡಿದು, ಕೈ ಒದರಿದರೆ ಹೋಗುವುದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರುವುದರ ಗುರುತು.

ನಮ್ಮಲ್ಲಿ ಮರೆಯಬಾರದ ಇನ್ನೊಂದು ಕಾಯಿಲೆ ಕುಷ್ಠ. ಚರ್ಮದ ಮೇಲೆ ಬಣ್ಣ ಮಾಸಿದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ, ಬಿಸಿ ತಾಗಿದರೆ ಗೊತ್ತಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಪರೀಕ್ಷೆ, ಔಷಧಿ ಎರಡೂ ಉಚಿತ, ಕಾಯಿಲೆ ಪೂರ್ತಿ ವಾಸಿಯಾಗುತ್ತದೆ. ಇದನ್ನು 'ನರ ದೌರ್ಬಲ್ಯ' ಎಂದುಕೊಂಡು ತಿಂಗಳುಗಟ್ಟಲೆ ಬಿ ಕಾಂಪ್ಲೆಕ್ಸ್ ನುಂಗಿ, ಬೆರಳು ಮಡಚಿಕೊಂಡ ಮೇಲೆ ಬರುವವರನ್ನು ನೆನೆದರೆ ಸಂಕಟವಾಗುತ್ತದೆ.

ಎರಡನೆಯದು: ಮೊದಲ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಿ

ಈ ಹೆಜ್ಜೆ ತಪ್ಪಿಸುವವರೇ ಹೆಚ್ಚು. ಹತ್ತು ದಿನ ಮಾತ್ರೆ ತಿಂದು ಆಮೇಲೆ ಲ್ಯಾಬಿಗೆ ಹೋದರೆ ಬಿ12 ಅಂಕಿ ಮೇಲೇರಿರುತ್ತದೆ. ರಿಪೋರ್ಟ್ ನಾರ್ಮಲ್ ಅನ್ನುತ್ತದೆ, ನರ ಮಾತ್ರ ಇನ್ನೂ ಹಸಿದೇ ಇರುತ್ತದೆ. ಆಮೇಲೆ ಕಾರಣ ಹುಡುಕುವುದು ವೈದ್ಯರಿಗೂ ಕಷ್ಟ.

ಕೇಳಬೇಕಾದ ಪರೀಕ್ಷೆಗಳು ಇಷ್ಟು: ಬಿ12, ಸಿಬಿಸಿ (ರಕ್ತಕಣಗಳ ಎಣಿಕೆ), ಶುಗರ್ ಜೊತೆಗೆ ಎಚ್‌ಬಿಎ1ಸಿ (ಕಳೆದ ಕೆಲವು ತಿಂಗಳ ಸರಾಸರಿ ಶುಗರ್), ಟಿಎಸ್‌ಎಚ್ (ಥೈರಾಯ್ಡ್), ಕ್ರಿಯಾಟಿನಿನ್ (ಕಿಡ್ನಿ). ಶುಗರ್, ಥೈರಾಯ್ಡ್, ಕಿಡ್ನಿ ಮೂರೂ ಇದೇ ಬಗೆಯ ಜೋಮು ತರಬಲ್ಲವು. ಅದಕ್ಕೇ ಇವೂ ಬೇಕು.

ಬಿ12 ರಿಪೋರ್ಟ್ ಓದುವುದು ಹೀಗೆ. ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಇದೆ ಎಂದು ಸಾಮಾನ್ಯವಾಗಿ ಲೆಕ್ಕ. 200ರಿಂದ 300ರ ನಡುವೆ ಇದ್ದರೆ ಅನುಮಾನದ ಜಾಗ. ಅಲ್ಲಿ ಹೋಮೋಸಿಸ್ಟೀನ್ ಅಥವಾ ಮೀಥೈಲ್ ಮಲೋನಿಕ್ ಆಸಿಡ್ ಪರೀಕ್ಷೆ ಮಾಡಿಸಿದರೆ ಜೀವಕೋಶದ ಒಳಗೆ ಬಿ12 ಸಾಲುತ್ತಿದೆಯೇ ಎಂದು ತಿಳಿಯುತ್ತದೆ. ಕೊರತೆ ಇದ್ದರೆ ಇವೆರಡೂ ಏರಿರುತ್ತವೆ. ಇವು ದುಬಾರಿ ಎನ್ನಿಸಿದರೆ, ಲಕ್ಷಣ ಸ್ಪಷ್ಟವಾಗಿದ್ದಾಗ ಅನೇಕ ವೈದ್ಯರು ನೇರವಾಗಿ ಚಿಕಿತ್ಸೆ ಶುರುಮಾಡಿ ಫಲ ನೋಡುತ್ತಾರೆ. ಅದೂ ಸರಿಯಾದ ಕ್ರಮವೇ.

ಸಿಬಿಸಿಯಲ್ಲಿ ಎಂಸಿವಿ ಎಂಬ ಸಾಲು ನೋಡಿ. ಅದು 100 ದಾಟಿದ್ದರೆ ಕೆಂಪು ರಕ್ತಕಣ ದಪ್ಪಗಾಗಿದೆ ಎಂದರ್ಥ. ಬಿ12 ಅಥವಾ ಫೋಲಿಕ್ ಆಸಿಡ್ ಕೊರತೆಯಲ್ಲಿ, ಕುಡಿತದಲ್ಲಿ ಹೀಗಾಗುತ್ತದೆ. ಅದು ಸರಿಯಿದ್ದ ಮಾತ್ರಕ್ಕೆ ಬಿ12 ಸರಿಯಿದೆ ಅಂತ ತೀರ್ಮಾನಿಸಬೇಡಿ. ಕಬ್ಬಿಣದ ಕೊರತೆ ಕಣವನ್ನು ಸಣ್ಣದಾಗಿಸುತ್ತದೆ, ಬಿ12 ಕೊರತೆ ದಪ್ಪಗಾಗಿಸುತ್ತದೆ. ಎರಡೂ ಒಟ್ಟಿಗಿದ್ದರೆ ಅಂಕಿ ನಡುವೆ ನಿಂತು ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಸಸ್ಯಾಹಾರಿ ಹೆಣ್ಣುಮಕ್ಕಳಲ್ಲಿ ಇದು ಆಗಾಗ ಆಗುವುದೇ.

ಒಂದು ಎಚ್ಚರಿಕೆ: ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಲ್ಯಾಬಿನಲ್ಲಿ ಹೇಳಿ. 5-10 ಮಿ.ಗ್ರಾಂ ಪ್ರಮಾಣದ ಬಯೋಟಿನ್ ಥೈರಾಯ್ಡ್ ಸೇರಿ ಹಲವು ಪರೀಕ್ಷೆಗಳ ಅಂಕಿಯನ್ನು ತಿರುಚುತ್ತದೆ. ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಅವರೇ ತಿಳಿಸುತ್ತಾರೆ.

ಯಾರಿಗೆ ಯಾವ ಕೊರತೆ ಬರುತ್ತದೆ

ಬಿ12 ಗಿಡಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಇವಷ್ಟೇ ಮೂಲ. ದಿನಕ್ಕೆ ಬೇಕಾಗುವುದು ಎರಡು, ಎರಡೂವರೆ ಮೈಕ್ರೋಗ್ರಾಂ ಮಾತ್ರ. ಯಕೃತ್ತಿನಲ್ಲಿ ಕೆಲವು ಮಿ.ಗ್ರಾಂ ದಾಸ್ತಾನು ಇರುತ್ತದೆ. ಆದ್ದರಿಂದ ಕೊರತೆ ಕಾಣಿಸಿಕೊಳ್ಳಲು ವರ್ಷಗಳೇ ಬೇಕು. "ಹುಟ್ಟಿದಾಗಿನಿಂದ ಇದೇ ಊಟ, ಈಗೇಕೆ ಬಂತು" ಎಂಬ ಪ್ರಶ್ನೆಗೆ ಉತ್ತರ ಇದೇ: ದಾಸ್ತಾನು ಈಗ ಮುಗಿದಿದೆ.

ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಕರುಳು ಬಿ12 ಹೀರುವುದು ಕಡಿಮೆಯಾಗುತ್ತದೆ. ಮಾತ್ರೆಯ ಪ್ರಮಾಣ ಹೆಚ್ಚಿದ್ದಷ್ಟೂ, ವರ್ಷ ಕಳೆದಷ್ಟೂ ಅಪಾಯ ಹೆಚ್ಚು. ಪಾದದ ಉರಿಯೆಲ್ಲವೂ ಶುಗರ್‌ನಿಂದಲೇ ಎಂದುಕೊಂಡರೆ ಅರ್ಧ ಕಾರಣ ಕೈತಪ್ಪುತ್ತದೆ. ನಾಲ್ಕೈದು ವರ್ಷ ಮೆಟ್‌ಫಾರ್ಮಿನ್ ತಿಂದವರು ವರ್ಷಕ್ಕೊಮ್ಮೆ ಬಿ12 ನೋಡಿಸಿಕೊಳ್ಳಬೇಕು. ಹಾಗಂತ ಮೆಟ್‌ಫಾರ್ಮಿನ್ ನಿಲ್ಲಿಸುವ ಅಗತ್ಯ ಇಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಗ್ಯಾಸ್ ಮಾತ್ರೆ, ಅಂದರೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ಗಳನ್ನು ವರ್ಷಗಟ್ಟಲೆ ತಿನ್ನುವವರದ್ದೂ ಇದೇ ಕತೆ. ಊಟದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಅದನ್ನು ಬಿಡಿಸುವುದು ಹೊಟ್ಟೆಯ ಆಮ್ಲ. ಆಮ್ಲವೇ ಇಲ್ಲದಿದ್ದರೆ ಹಾಲು ಕುಡಿದರೂ ಪ್ರಯೋಜನ ಕಡಿಮೆ. ಮಾತ್ರೆಯಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುವುದಿಲ್ಲ, ಹಾಗಾಗಿ ಇವರಿಗೆ ಮಾತ್ರೆ ಕೆಲಸ ಮಾಡುತ್ತದೆ. ವಯಸ್ಸಾದವರಿಗೂ ಇದೇ ಲೆಕ್ಕ.

ಬಿ1, ಅಂದರೆ ಥಯಮಿನ್, ಬಿ12ಗೆ ತದ್ವಿರುದ್ಧ. ದೇಹದ ದಾಸ್ತಾನು ಎರಡು ಮೂರು ವಾರಕ್ಕೆ ಖಾಲಿ. ದಿನವೂ ಕುಡಿಯುವವರು, ವಾರಗಟ್ಟಲೆ ವಾಂತಿಯಾಗುತ್ತಿರುವ ಗರ್ಭಿಣಿಯರು, ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರು ಅಪಾಯದಲ್ಲಿರುತ್ತಾರೆ. ಇವರಲ್ಲಿ ಯಾರಿಗಾದರೂ ತೂರಾಟ, ಕಣ್ಣುಗುಡ್ಡೆ ಓಲಾಡುವುದು, ಗಲಿಬಿಲಿ ಮೂರರಲ್ಲಿ ಒಂದು ಕಂಡರೂ ಅದು ತುರ್ತು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಏರಿಸುವ ಮೊದಲೇ, ಇಲ್ಲವೇ ಜೊತೆಯಲ್ಲೇ, ಥಯಮಿನ್ ಇಂಜೆಕ್ಷನ್ ಹೋಗಬೇಕು. ಕುಡಿತದ ವಿಷಯ ವೈದ್ಯರಿಂದ ಮುಚ್ಚಿಡಬೇಡಿ ಅನ್ನುವುದು ಇದಕ್ಕೇ.

ಇಲ್ಲಿ ಬಾಣಂತಿಯರ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು. ಹೆರಿಗೆಯಾದ ಮೇಲೆ ಬೇಳೆ ವಾಯು, ತರಕಾರಿ ಶೀತ ಅಂತ ತಿಂಗಳುಗಟ್ಟಲೆ ಪಾಲಿಶ್ ಅಕ್ಕಿಯ ಅನ್ನ, ತುಪ್ಪ, ಮೆಣಸಿನ ಸಾರು ಇಷ್ಟನ್ನೇ ಕೊಡುವ ಪಥ್ಯ ಹಲವು ಮನೆಗಳಲ್ಲಿದೆ. ತಾಯಿಯಲ್ಲಿ ಥಯಮಿನ್ ಬರಿದಾದರೆ ಎದೆಹಾಲಿನಲ್ಲೂ ಸಾಕಷ್ಟು ಇರುವುದಿಲ್ಲ. ಎರಡು ಮೂರು ತಿಂಗಳ ಕೂಸು ಹಾಲು ಬಿಟ್ಟು, ಏದುಸಿರು ಬಿಟ್ಟು, ಧ್ವನಿ ಒಡೆದು ಅಳುತ್ತದೆ. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿ ಹೃದಯ ಸೋಲುತ್ತದೆ. ಬೆಂಗಳೂರಿನ ಮಕ್ಕಳ ಹೃದ್ರೋಗ ವೈದ್ಯರು ಇಂಥ ಕೂಸುಗಳನ್ನು ಕಂಡು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ. ಥಯಮಿನ್ ಇಂಜೆಕ್ಷನ್ ಕೊಟ್ಟ ಒಂದೆರಡು ದಿನದಲ್ಲೇ ಸಾವಿನಂಚಿನ ಮಗು ಚೇತರಿಸಿಕೊಳ್ಳುತ್ತದೆ. ಬಾಣಂತಿಗೆ ಹೆಸರುಬೇಳೆ, ಸೊಪ್ಪು, ರಾಗಿ ಕೊಡಿ. ಹಳೆಯ ಪಥ್ಯ ಬಿಡಲೊಪ್ಪದ ಅಜ್ಜಿ ಇದ್ದರೆ, ಅವರ ಮನಸ್ಸು ನೋಯಿಸದೆ ವೈದ್ಯರಿಂದಲೇ ಹೇಳಿಸಿ.

ಬಿ6 ಕೊರತೆ ಊಟದಿಂದ ಬರುವುದು ಅಪರೂಪ. ಬರುವುದು ಹೆಚ್ಚಾಗಿ ಟಿಬಿಗೆ ಕೊಡುವ ಐಸೋನಿಯಜಿಡ್‌ನಿಂದ. ಅದಕ್ಕೇ ಟಿಬಿ ಚಿಕಿತ್ಸೆಯಲ್ಲಿ ದಿನಕ್ಕೆ 10 ಮಿ.ಗ್ರಾಂ ಆಸುಪಾಸು ಬಿ6 ಜೊತೆಯಲ್ಲೇ ಕೊಡುತ್ತಾರೆ. ಪುಟ್ಟ ಮಾತ್ರೆ ಅಂತ ಅದನ್ನು ಬಿಡಬೇಡಿ.

ಮೂರನೆಯದು: ಸ್ಟ್ರಿಪ್ ತಿರುಗಿಸಿ ಓದುವುದು

ಸ್ಟ್ರಿಪ್‌ನ ಬೆಳ್ಳಿ ಬಣ್ಣದ ಹಿಂಬದಿಯನ್ನು ಬೆಳಕಿಗೆ ಹಿಡಿಯಿರಿ. 'ಈಚ್ ಟ್ಯಾಬ್ಲೆಟ್ ಕಂಟೇನ್ಸ್' ಎಂದು ಶುರುವಾಗುವ ಸಣ್ಣಕ್ಷರದ ಪಟ್ಟಿ ಅಲ್ಲಿರುತ್ತದೆ. ಅಕ್ಷರ ತೀರಾ ಸಣ್ಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ. ಮಾತ್ರೆ ಕತ್ತರಿಸಿ ಕೊಡುವಾಗ ಪಟ್ಟಿ ಇರುವ ತುಂಡು ಅಂಗಡಿಯಲ್ಲೇ ಉಳಿಯುತ್ತದೆ, ಹಾಗಾಗಿ ಮೊದಲ ಸಲ ಕೊಳ್ಳುವಾಗ ಪೂರ್ತಿ ಸ್ಟ್ರಿಪ್ಪೇ ಕೇಳಿ.

ಮೊದಲು ಅಳತೆ. ಎಂಜಿ ಅಂದರೆ ಮಿ.ಗ್ರಾಂ, ಎಂಸಿಜಿ ಅಂದರೆ ಮೈಕ್ರೋಗ್ರಾಂ. 1000 ಎಂಸಿಜಿ ಸೇರಿದರೆ 1 ಎಂಜಿ. 1500 ಎಂಸಿಜಿ ಎಂದು ನೋಡಿ ಗಾಬರಿಯಾಗುವವರೂ ಇದ್ದಾರೆ, ಅದು ಒಂದೂವರೆ ಮಿ.ಗ್ರಾಂ ಅಷ್ಟೇ.

ಪಟ್ಟಿಯಲ್ಲಿ ಸಿಗುವುದು ಹೆಚ್ಚುಕಡಿಮೆ ಮೂರು ಜಾತಿ.

ಒಂದನೆಯದು ಮಾಮೂಲಿ ಬಿ ಕಾಂಪ್ಲೆಕ್ಸ್. ಬಿ1 10 ಮಿ.ಗ್ರಾಂ, ಬಿ2 10, ನಯಾಸಿನಮೈಡ್ (ಬಿ3) 45ರಿಂದ 100, ಪ್ಯಾಂಟೊಥಿನೇಟ್ (ಬಿ5) 50, ಬಿ6 3, ಬಿ12 ಕೇವಲ 15 ಮೈಕ್ರೋಗ್ರಾಂ. ಬಾಯಿಹುಣ್ಣು, ಜ್ವರ ಬಂದು ಹೋದ ನಿಶ್ಶಕ್ತಿಗೆ ಸರಿ. ದಾಸ್ತಾನು ಖಾಲಿಯಾದ ಬಿ12 ಕೊರತೆಯನ್ನು ಇದು ತುಂಬಿಸಲಾರದು. ಇದನ್ನು ತಿಂದ ಮೇಲೆ ಮೂತ್ರ ಢಾಳಾದ ಹಳದಿಯಾಗುವುದು ಬಿ2ರಿಂದ. ಕಾಮಾಲೆ ಅಂತ ಹೆದರಬೇಕಿಲ್ಲ.

ಎರಡನೆಯದು ಮೀಥೈಲ್‌ಕೊಬಾಲಮಿನ್, ಅಂದರೆ ಬಿ12ರ ಒಂದು ರೂಪ, ಮುಖ್ಯವಾಗಿರುವ ಮಾತ್ರೆ. ಬಿ12 500, 750 ಅಥವಾ 1500 ಮೈಕ್ರೋಗ್ರಾಂ, ಜೊತೆಗೆ ಆಲ್ಫಾ ಲಿಪೋಯಿಕ್ ಆಸಿಡ್ 100 ಮಿ.ಗ್ರಾಂ, ಫೋಲಿಕ್ ಆಸಿಡ್ 1.5 ಮಿ.ಗ್ರಾಂ, ಬಿ6, ಬೆನ್‌ಫೋಟಿಯಮಿನ್ (ಬಿ1ರ ಒಂದು ರೂಪ) ಇತ್ಯಾದಿ. ಬಿ12 ಕೊರತೆಗೆ ಬೇಕಾದ ಪ್ರಮಾಣ ಈ ಜಾತಿಯಲ್ಲಿದೆ. ಆಲ್ಫಾ ಲಿಪೋಯಿಕ್ ಆಸಿಡ್ ವಿಟಮಿನ್ ಅಲ್ಲ. ಸಕ್ಕರೆ ಕಾಯಿಲೆಯ ನರದ ಉರಿಗೆ ಅದನ್ನು ಪರೀಕ್ಷಿಸಿರುವುದು ಸಾಮಾನ್ಯವಾಗಿ ದಿನಕ್ಕೆ 600 ಮಿ.ಗ್ರಾಂ ಪ್ರಮಾಣದಲ್ಲಿ. ಮಾತ್ರೆಯಲ್ಲಿರುವ 100ರಿಂದ ಅಷ್ಟೇ ಫಲ ನಿರೀಕ್ಷಿಸುವಂತಿಲ್ಲ. ಬೆಲೆ ಏರುವುದು ಮಾತ್ರ ಇಂಥ ಸೇರ್ಪಡೆಗಳಿಂದಲೇ.

ಮೂರನೆಯದು ಜೋಪಾನವಾಗಿ ನೋಡಬೇಕಾದ ಜಾತಿ. ಪಟ್ಟಿಯಲ್ಲಿ ಪ್ರಿಗಾಬಲಿನ್ 75 ಮಿ.ಗ್ರಾಂ, ಗ್ಯಾಬಪೆಂಟಿನ್ ಅಥವಾ ನಾರ್‌ಟ್ರಿಪ್ಟಿಲಿನ್ 10 ಮಿ.ಗ್ರಾಂ ಎಂದಿದ್ದರೆ ಅದು ಬರೀ ವಿಟಮಿನ್ ಅಲ್ಲ. ಬ್ರಾಂಡ್ ಹೆಸರಿನ ಕೊನೆಗೆ ಪಿಜಿ, ಎನ್‌ಟಿ ಅಂತ ಬಾಲ ಅಂಟಿಕೊಂಡಿರುವುದು ಹೆಚ್ಚಾಗಿ ಇದಕ್ಕೇ. ಇವು ನರದ ನೋವಿನ ಔಷಧಿಗಳು, ಸರಿಯಾದವರಿಗೆ ಒಳ್ಳೆಯವೇ. ಆದರೆ ನಿದ್ದೆ ಮಂಪರು, ತಲೆ ತಿರುಗು ತರುತ್ತವೆ. ರಾತ್ರಿ ಬಾತ್‌ರೂಮಿಗೆ ಎದ್ದ ಹಿರಿಯರು ಬಿದ್ದು ಸೊಂಟ ಮುರಿದುಕೊಳ್ಳುವುದು ಹೀಗೆ. ಕಿಡ್ನಿ ದುರ್ಬಲವಿದ್ದರೆ ಪ್ರಿಗಾಬಲಿನ್ ಪ್ರಮಾಣ ಇಳಿಸಬೇಕು. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ, ಹೃದಯದ ಲಯ ತಪ್ಪುವಿಕೆ ಇದ್ದವರಿಗೆ ನಾರ್‌ಟ್ರಿಪ್ಟಿಲಿನ್ ಆಗಿಬರದಿರಬಹುದು. ತಿಂಗಳುಗಟ್ಟಲೆ ತಿಂದದ್ದನ್ನು ಒಮ್ಮೆಲೇ ನಿಲ್ಲಿಸಿದರೆ ನಿದ್ರೆಗೇಡು, ಬೆವರು, ಚಡಪಡಿಕೆ ಬರುತ್ತದೆ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ಪಕ್ಕದ ಮನೆಯವರಿಗೆ ವಾಸಿಯಾಯಿತು ಅಂತ ಈ ಮಾತ್ರೆಯನ್ನು ಸಾಲ ತರಬೇಡಿ.

ಇನ್ನೊಂದು ಗುರುತು: ಔಷಧಿಯಾಗಿ ಮಾರುವ ಸ್ಟ್ರಿಪ್ ಮೇಲೆ ಔಷಧ ತಯಾರಿಕೆಯ ಲೈಸೆನ್ಸ್ ಸಂಖ್ಯೆ ಇರುತ್ತದೆ. ಆಹಾರ ಪೂರಕವಾಗಿ ಮಾರುವ ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು, 14 ಅಂಕಿಯ ಲೈಸೆನ್ಸ್ ಸಂಖ್ಯೆ, ಔಷಧಿಯಾಗಿ ಬಳಸುವುದಕ್ಕಲ್ಲ ಎಂಬ ಸಾಲು ಇರುತ್ತದೆ. ಕೊರತೆ ಪರೀಕ್ಷೆಯಲ್ಲಿ ಖಚಿತವಾಗಿದ್ದರೆ ಔಷಧಿಯ ಸ್ಟ್ರಿಪ್ಪೇ ಕೊಳ್ಳಿ. ಜನೌಷಧಿ ಕೇಂದ್ರದಲ್ಲಿ ಇದೇ ಘಟಕಾಂಶದ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ.

ವಿದೇಶದಿಂದ ಮಕ್ಕಳು ಕಳಿಸುವ ಡಬ್ಬಿಗಳನ್ನೂ ಹೀಗೇ ತಿರುಗಿಸಿ ಓದಿ. ಹೆಸರು ಇಲ್ಲಿನದೇ ಇದ್ದರೂ ಒಳಗಿನ ಪ್ರಮಾಣ ಬೇರೆ ಇರಬಹುದು. ಕೆಲವು ದೇಶಗಳಲ್ಲಿ ಮಾರುವ ಬಿ1-ಬಿ6-ಬಿ12 ಮಾತ್ರೆಯಲ್ಲಿ ಬಿ6 ಒಂದೇ 100-200 ಮಿ.ಗ್ರಾಂ ಇರುತ್ತದೆ.

ಬಿ6: ಇದ್ದ ಜೋಮನ್ನು ಹೆಚ್ಚಿಸುವ ವಿಟಮಿನ್

ನೀರಿನಲ್ಲಿ ಕರಗುವ ವಿಟಮಿನ್, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತೆ ಎಂಬ ನಂಬಿಕೆ ಬಿ6 ವಿಷಯದಲ್ಲಿ ಸುಳ್ಳು. ಹೆಚ್ಚಿನ ಪ್ರಮಾಣ ತಿಂಗಳುಗಟ್ಟಲೆ ಹೋದರೆ ಸ್ಪರ್ಶದ ಸುದ್ದಿ ಒಯ್ಯುವ ನರಕೋಶಗಳೇ ಕೆಡುತ್ತವೆ. ಲಕ್ಷಣ ಏನು ಗೊತ್ತೇ? ಪಾದ ಜೋಮು, ಉರಿ, ತೂರಾಟ. ಯಾವುದಕ್ಕೆಂದು ಮಾತ್ರೆ ಶುರುಮಾಡಿದರೋ ಅದೇ! ರೋಗಿ ಎರಡು ಮಾತ್ರೆ ಬದಲು ಮೂರು ನುಂಗುತ್ತಾರೆ, ತೊಂದರೆ ಇನ್ನೂ ಏರುತ್ತದೆ.

ದಿನಕ್ಕೆ ಬೇಕಾಗುವ ಬಿ6 ಒಂದೂವರೆ, ಎರಡು ಮಿ.ಗ್ರಾಂ. ಅಮೆರಿಕದಲ್ಲಿ ದಿನದ ಗರಿಷ್ಠ ಮಿತಿ 100 ಮಿ.ಗ್ರಾಂ ಎಂದಿದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ತನ್ನ ಮಿತಿಯನ್ನು 12 ಮಿ.ಗ್ರಾಂಗೆ ಇಳಿಸಿತು. ನಮ್ಮ ಸಲಹೆ: ವೈದ್ಯರು ನಿರ್ದಿಷ್ಟ ಕಾರಣಕ್ಕೆ ಬರೆಯದ ಹೊರತು ಬಿ6 ದಿನಕ್ಕೆ 10 ಮಿ.ಗ್ರಾಂ ದಾಟದ ಮಾತ್ರೆ ಆರಿಸಿಕೊಳ್ಳಿ. ನರದ ಮಾತ್ರೆ, ಕೂದಲ ಮಾತ್ರೆ, ಪ್ರೋಟೀನ್ ಪುಡಿ, ಎನರ್ಜಿ ಪಾನೀಯ ಎಲ್ಲದರಲ್ಲೂ ಬಿ6 ಇರುತ್ತದೆ. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿಟ್ಟು, ಒಂದು ಚೀಟಿಯಲ್ಲಿ ಬರೆದು ಕೂಡಿಸಿ.

ಹೆಚ್ಚಾಗಿದೆ ಎಂದು ಗೊತ್ತಾದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನಿಲ್ಲಿಸಿದ ಮೇಲೂ ಎರಡು ಮೂರು ವಾರ ಲಕ್ಷಣ ಏರುವುದುಂಟು. ಅದನ್ನು ನೋಡಿ ಮತ್ತೆ ಶುರುಮಾಡಬೇಡಿ. ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಇಳಿಯುತ್ತದೆ.

ನಾಲ್ಕನೆಯದು: ಎಷ್ಟು, ಹೇಗೆ, ಎಷ್ಟು ದಿನ

ಕರುಳು ಬಿ12ನ್ನು ಎರಡು ದಾರಿಯಲ್ಲಿ ಹೀರುತ್ತದೆ. ಹೊಟ್ಟೆಯಲ್ಲಿ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಹೊತ್ತುಕೊಂಡು ಹೋಗುವುದು ಮುಖ್ಯ ದಾರಿ. ಆದರೆ ಒಂದು ಹೊತ್ತಿಗೆ ಅದು ಹೊರಬಲ್ಲದ್ದು ಒಂದೂವರೆ, ಎರಡು ಮೈಕ್ರೋಗ್ರಾಂ ಮಾತ್ರ. ಅದಕ್ಕಿಂತ ಹೆಚ್ಚಿನದರಲ್ಲಿ ನೂರಕ್ಕೆ ಒಂದು ಪಾಲು ಸುಮ್ಮನೆ ಇಂಗಿ ಒಳಗೆ ಹೋಗುತ್ತದೆ. 15 ಮೈಕ್ರೋಗ್ರಾಂ ಮಾತ್ರೆಯಿಂದ ಮೈಗೆ ಸೇರುವುದು ಎರಡರ ಹತ್ತಿರ, 1500ರದ್ದರಿಂದ ಸುಮಾರು ಹದಿನಾರು ಹದಿನೇಳು. ದೊಡ್ಡ ಅಂಕಿಯ ಮಾತ್ರೆ ಏಕೆ ಬೇಕು ಎಂಬುದು ಇಲ್ಲಿದೆ. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದವರಿಗೂ ಆ ಎರಡನೆಯ ದಾರಿ ತೆರೆದೇ ಇರುತ್ತದೆ.

ಕೊರತೆ ಖಚಿತವಾಗಿ, ನರದ ಲಕ್ಷಣ ಸೌಮ್ಯವಾಗಿದ್ದರೆ ದಿನಕ್ಕೆ 1000ರಿಂದ 2000 ಮೈಕ್ರೋಗ್ರಾಂ ಮಾತ್ರೆ ಸಾಕಾಗುತ್ತದೆ. ತೂರಾಟ, ಮರೆವು, ತೀವ್ರ ರಕ್ತಹೀನತೆ ಇದ್ದರೆ ಅಥವಾ ಕರುಳು ಹೀರುವುದೇ ಇಲ್ಲವೆಂದರೆ ಇಂಜೆಕ್ಷನ್. ಸಾಮಾನ್ಯವಾಗಿ ಬರೆಯುವ ಕ್ರಮ: 1000 ಮೈಕ್ರೋಗ್ರಾಂ ದಿನ ಬಿಟ್ಟು ದಿನ ಎರಡು ವಾರ, ನಂತರ ವಾರಕ್ಕೊಂದರಂತೆ ನಾಲ್ಕು ವಾರ, ಆಮೇಲೆ ತಿಂಗಳಿಗೊಂದು. ವೈದ್ಯರು ನಿಮ್ಮ ಸ್ಥಿತಿ ನೋಡಿ ಬದಲಿಸುತ್ತಾರೆ. ಮೀಥೈಲ್‌ಕೊಬಾಲಮಿನ್ ಇಂಜೆಕ್ಷನ್ ಕೆಂಪಗಿರುತ್ತದೆ, ಬೆಳಕಿಗೆ ಕೆಡುತ್ತದೆ. ಕಂದು ಗಾಜಿನ ಆಂಪೂಲ್ ಅನ್ನು ಒಡೆದ ತಕ್ಷಣ ಕೊಡಬೇಕು. ಅರ್ಧ ಬಳಸಿ ನಾಳೆಗೆ ಇಡುವಂತಿಲ್ಲ.

ಮೀಥೈಲ್‌ಕೊಬಾಲಮಿನ್ ಒಳ್ಳೆಯದೋ, ಬಿ12ರ ಇನ್ನೊಂದು ರೂಪವಾದ ಸಯನೋಕೊಬಾಲಮಿನ್ ಒಳ್ಳೆಯದೋ ಎಂಬ ಚರ್ಚೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಎರಡೂ ಕೊರತೆಯನ್ನು ತುಂಬುತ್ತವೆ. ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆಯೂ ನುಂಗುವ ಮಾತ್ರೆಗಿಂತ ಮೇಲೇನಲ್ಲ.

ಮಾತ್ರೆಯನ್ನು ತಿಂಡಿಯಾದ ಮೇಲೆ ತಗೊಂಡರೆ ಹೊಟ್ಟೆ ತೊಳಸುವುದಿಲ್ಲ. ಫಿಟ್ಸ್‌ಗೆ ಫೆನಿಟಾಯಿನ್ ತಿನ್ನುವವರು ಫೋಲಿಕ್ ಆಸಿಡ್ ಅಥವಾ ಬಿ6 ಹೆಚ್ಚಿರುವ ಮಾತ್ರೆಯನ್ನು ತಾವಾಗೇ ಶುರುಮಾಡಬಾರದು, ಔಷಧಿಯ ಬಲ ಇಳಿದು ಫಿಟ್ಸ್ ಮರಳಬಹುದು. ಮಕ್ಕಳಿಗೆ ದೊಡ್ಡವರ ಮಾತ್ರೆ ಮುರಿದು ಕೊಡುವುದು ಬೇಡ.

ಫೋಲಿಕ್ ಆಸಿಡ್ ಬಗ್ಗೆ ಒಂದು ಮಾತು. ಬಿ12 ಕೊರತೆ ಇದ್ದವರಿಗೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸುಧಾರಿಸುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಗರ್ಭಿಣಿಯರಿಗೆ ಸರ್ಕಾರದಿಂದ ಸಿಗುವ ಕಬ್ಬಿಣದ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ, ಬಿ12 ಇಲ್ಲ. ಆ ಮಾತ್ರೆ ತಪ್ಪದೆ ತಗೊಳ್ಳಿ. ಸಸ್ಯಾಹಾರಿಗಳಾದರೆ ಬಿ12 ಪರೀಕ್ಷೆಯನ್ನೂ ಕೇಳಿ. ತಾಯಿಯ ಕೊರತೆ ಎದೆಹಾಲು ಕುಡಿಯುವ ಮಗುವಿಗೂ ಇಳಿಯುತ್ತದೆ. ಮಗು ಮಂಕಾಗಿ, ಕೂರುವುದನ್ನು ಮರೆತು, ಕೈಕಾಲು ನಡುಗಿಸುವ ಹಂತಕ್ಕೆ ಹೋಗುವುದುಂಟು.

ಫಲ ಯಾವಾಗ ಕಾಣುತ್ತದೆ

ಮೂಳೆಯ ಮಜ್ಜೆ ಒಂದು ವಾರದಲ್ಲೇ ಹೊಸ ರಕ್ತಕಣ ತಯಾರಿಸತೊಡಗುತ್ತದೆ. ಸುಸ್ತು ಮೊದಲ ವಾರಗಳಲ್ಲೇ ಇಳಿಯುತ್ತದೆ. ಹಿಮೋಗ್ಲೋಬಿನ್ ಸರಿಹೋಗಲು ಸುಮಾರು ಎರಡು ತಿಂಗಳು. ನರ ನಿಧಾನ. ಮೂರು ತಿಂಗಳಲ್ಲಿ ಚಲನೆ ಕಾಣಬೇಕು, ಪೂರ್ತಿಯಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಕೆಲವರಿಗೆ ಶುರುವಿನ ವಾರಗಳಲ್ಲಿ ಚುಮುಚುಮು ಹೆಚ್ಚಾದಂತೆ ಅನ್ನಿಸುತ್ತದೆ. ಅದು ಸತ್ತಂತಿದ್ದ ಜಾಗಕ್ಕೆ ಸ್ಪರ್ಶ ಮರಳುವ ಹಂತವೂ ಇರಬಹುದು, ಹೆದರಿ ಬಿಡಬೇಡಿ. ಬಿ12 ಹೆಚ್ಚಿನ ಪ್ರಮಾಣದಲ್ಲಿ ಮೊಡವೆ ಏಳುವುದುಂಟು.

ಜನ ಎಡವುವುದು ಒಂದು ತಿಂಗಳಾದ ಮೇಲೆ. ಸುಸ್ತು ಹೋಯಿತು, ಸಾಕು ಅಂತ ಬಿಡುತ್ತಾರೆ. ಕಾರಣ ಹಾಗೇ ಉಳಿದಿದ್ದರೆ, ಅಂದರೆ ಸಸ್ಯಾಹಾರ, ಮೆಟ್‌ಫಾರ್ಮಿನ್, ಗ್ಯಾಸ್ ಮಾತ್ರೆ ಮುಂದುವರಿದಿದ್ದರೆ, ಒಂದೆರಡು ವರ್ಷದಲ್ಲಿ ಕೊರತೆ ಮತ್ತೆ ಬರುತ್ತದೆ. ದಾಸ್ತಾನು ತುಂಬಿದ ಮೇಲೂ ಕಡಿಮೆ ಪ್ರಮಾಣದ ಮಾತ್ರೆ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಿ ನಿರ್ಧರಿಸಿ.

ಮೂರು ತಿಂಗಳಾದರೂ ತೃಣದಷ್ಟು ಬದಲಾವಣೆ ಇಲ್ಲದಿದ್ದರೆ ಬ್ರಾಂಡ್ ಬದಲಿಸುವುದರಲ್ಲಿ ಅರ್ಥವಿಲ್ಲ, ರೋಗನಿರ್ಣಯವನ್ನೇ ಮತ್ತೆ ನೋಡಬೇಕು. ಜಿಂಕ್ ಮಾತ್ರೆ ಬಹಳ ಕಾಲ ತಿಂದವರಲ್ಲಿ ತಾಮ್ರದ ಕೊರತೆಯಾಗಿ ಬಿ12 ಕೊರತೆಯಂತೆಯೇ ಕಾಣುವುದೂ ಇದೆ. ಸಕ್ಕರೆ ಕಾಯಿಲೆಯಿಂದಲೇ ಹಾನಿಯಾದ ನರವನ್ನು ವಿಟಮಿನ್ ವಾಪಸ್ ತರುವುದಿಲ್ಲ. ಅಲ್ಲಿ ಶುಗರ್ ಹಿಡಿತದಲ್ಲಿಡುವುದೇ ಮುಖ್ಯ ಔಷಧಿ.

ತಟ್ಟೆಯಲ್ಲಿ

ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ ಬಿ12, ಒಂದು ಮೊಟ್ಟೆಯಲ್ಲಿ ಸುಮಾರು ಅರ್ಧ. ಸಸ್ಯಾಹಾರಿಗಳು ದಿನಕ್ಕೆ ಎರಡು ಲೋಟದಷ್ಟು ಹಾಲು, ಗಟ್ಟಿ ಮೊಸರು ತಗೊಂಡರೆ ಅಗತ್ಯದ ಹತ್ತಿರ ಬರುತ್ತಾರೆ. ಕಾಫಿಗೆ ಬಿಡುವ ಹಾಲು, ನೀರು ಬೆರೆಸಿದ ಮಜ್ಜಿಗೆ ಲೆಕ್ಕಕ್ಕೆ ಸಾಲದು. ಕರಾವಳಿಯವರಿಗೆ ಬೂತಾಯಿ, ಬಂಗುಡೆ ಇದ್ದರೆ ಚಿಂತೆಯಿಲ್ಲ, ಎರಡು ಮೀನಿನಲ್ಲೇ ದಿನದ ಅಗತ್ಯ ಮೀರುತ್ತದೆ. ಇಡ್ಲಿ ಹಿಟ್ಟು ಹುದುಗಿದರೆ ಬಿ12 ಬರುತ್ತದೆ, ಸ್ಪಿರುಲಿನಾದಲ್ಲಿ ಬೇಕಾದಷ್ಟಿದೆ ಎಂಬ ಮಾತುಗಳನ್ನು ನಂಬಿ ಕೂರಬೇಡಿ. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ನಮ್ಮ ದೇಹ ಬಳಸಲಾಗದ ರೂಪ.

ಥಯಮಿನ್ ಇರುವುದು ಧಾನ್ಯದ ಹೊರಪದರದಲ್ಲಿ. ಪಾಲಿಶ್ ಮಾಡಿದರೆ ತೌಡಿನ ಜೊತೆ ಹೋಗುತ್ತದೆ, ಉಳಿದದ್ದು ಅಕ್ಕಿಯನ್ನು ನಾಲ್ಕು ಸಲ ತಿಕ್ಕಿ ತೊಳೆದು, ಗಂಜಿ ಬಸಿದು ಚೆಲ್ಲಿದಾಗ ಹೋಗುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಕುಚ್ಚಲಕ್ಕಿ ಇಲ್ಲಿ ಮೇಲು. ಭತ್ತವನ್ನು ಬೇಯಿಸುವಾಗ ಹೊರಪದರದ ಥಯಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ, ಗಿರಣಿಗೆ ಹಾಕಿದರೂ ಉಳಿಯುತ್ತದೆ. ರಾಗಿ, ಹೆಸರುಕಾಳು, ಕಡಲೆಕಾಯಿ, ನುಚ್ಚಿನುಂಡೆಯ ಬೇಳೆ ಎಲ್ಲವೂ ಒಳ್ಳೆಯವು. ಊಟವಾದ ಕೂಡಲೇ ಟೀ, ಕಾಫಿ, ಎಲೆಅಡಿಕೆ ಹಾಕುವ ರೂಢಿಯಿದ್ದರೆ ಒಂದು ಗಂಟೆ ತಡ ಮಾಡಿ, ಅವುಗಳ ಒಗರು ಪದಾರ್ಥ ಥಯಮಿನ್ ಅನ್ನು ಕೆಡಿಸುತ್ತದೆ.

ವೈದ್ಯರ ಹತ್ತಿರ ಮರಳಿ ಹೋಗುವ ಮುನ್ನ

ಮೂರು ತಿಂಗಳ ಭೇಟಿಗೆ ಮೂರು ವಸ್ತು ಒಯ್ಯಿರಿ: ಮೊದಲ ರಕ್ತಪರೀಕ್ಷೆಯ ರಿಪೋರ್ಟ್, ತಿನ್ನುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಒಂದು ಹಾಳೆ. ಹಾಳೆಯ ಮೇಲೆ ಪಾದದ ಚಿತ್ರ ಬರೆದು ಜೋಮು ಎಲ್ಲಿಯವರೆಗೆ ಇದೆ ಎಂದು ಗೆರೆ ಎಳೆಯಿರಿ, ತಾರೀಕು ಹಾಕಿ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಗೆರೆ ಬೆರಳಿನ ಕಡೆಗೆ ಇಳಿಯುತ್ತಿದೆಯೋ ಮೊಣಕಾಲಿನ ಕಡೆಗೆ ಏರುತ್ತಿದೆಯೋ ಕಣ್ಣಿಗೇ ಕಾಣುತ್ತದೆ. ಇದರ ಜೊತೆಗೆ ಮನೆಯವರೊಬ್ಬರ ನೆರವಿನಿಂದ ಪಾದದ ಸ್ಪರ್ಶವನ್ನೂ ನೋಡಿಕೊಳ್ಳಿ: ನೀವು ಕಣ್ಣು ಮುಚ್ಚಿಕೊಳ್ಳಿ, ಅವರು ತೋರುಬೆರಳಿನಿಂದ ನಿಮ್ಮ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ಎರಡೂ ಪಾದಗಳಲ್ಲಿ ಒಂದೊಂದು ಕ್ಷಣ ಹಗುರವಾಗಿ ಮುಟ್ಟಲಿ, ಒತ್ತುವುದು, ಸವರುವುದು ಬೇಡ. ಆರರಲ್ಲಿ ಎರಡು ಅಥವಾ ಹೆಚ್ಚು ತಿಳಿಯದೇ ಹೋದರೆ ಆ ಪಾದಗಳಿಗೆ ಗಾಯವಾದರೂ ನಿಮಗೆ ಗೊತ್ತಾಗದೇ ಇರಬಹುದು. ಅಂಥವರು ಬರಿಗಾಲಲ್ಲಿ ಓಡಾಡುವುದನ್ನು ಬಿಟ್ಟು, ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು.